ಊರಲ್ಲಿಲ್ಲದ ಮಾಜಿ ಪತಿ, ಜಂಟಿ ಮನೆ, ಮುಗಿಯದ ಸಾಲ: ಕಾಸರಗೋಡಿನ ಒಂದು ಪ್ರಕರಣ ಅಧ್ಯಯನ

ಮಂಜೇಶ್ವರ ತಾಲೂಕಿನ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರ ಶಿಕ್ಷಕಿಯ ಪ್ರಕರಣವಿದು. ವಿವಾಹ ವಿಚ್ಛೇದನದ ತೀರ್ಪು ಕೈಗೆ ಬಂದ ಮೇಲೂ, ಗಲ್ಫಿಗೆ ಹೋಗಿ ಕಣ್ಮರೆಯಾದ ಮಾಜಿ ಪತಿಯ ಹೆಸರು ಅವರ ಮನೆಯ ಆಧಾರದಲ್ಲಿಯೂ (ಆಸ್ತಿಯ ನೋಂದಾಯಿತ ಹಕ್ಕುಪತ್ರದಲ್ಲಿಯೂ) ಬ್ಯಾಂಕಿನ ಸಾಲದಲ್ಲಿಯೂ ಹಾಗೆಯೇ ಉಳಿದಿತ್ತು. ಅದನ್ನು ಬಿಡಿಸಿಕೊಳ್ಳಲು ಮತ್ತೆ ಸುಮಾರು ಐದು ವರ್ಷ ಹಿಡಿಯಿತು. ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು, ಅವರ ವಕೀಲರ ಕೋರಿಕೆಯಂತೆ ಈ ಕಡತದ ಹಣಕಾಸಿನ ಕಾಗದಗಳನ್ನು ನೋಡಿಕೊಟ್ಟೆ. ಶಿಕ್ಷಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಮೊತ್ತಗಳನ್ನು ಸುಮಾರಾಗಿ ಕೊಟ್ಟಿದ್ದೇನೆ.

ಮನೆ ಮತ್ತು ಸಾಲ

2012ರಲ್ಲಿ ದಂಪತಿ ಹನ್ನೆರಡು ಸೆಂಟ್ಸ್ ಜಾಗ ಕೊಂಡು ಇಬ್ಬರ ಹೆಸರಿನಲ್ಲಿ ಆಧಾರ ಮಾಡಿಸಿದರು. ಜಾಗದ ಹಣದಲ್ಲಿ ಗಂಡನ ಶಾರ್ಜಾದ ಸಂಪಾದನೆಯೂ ಇತ್ತು, ಹೆಂಡತಿಯ ಒಡವೆ ಅಡವಿಟ್ಟ ಹಣವೂ ಇತ್ತು; ಯಾರದು ಎಷ್ಟೆಂದು ಯಾರೂ ಬರೆದಿಡಲಿಲ್ಲ. ಮರುವರ್ಷ ಮನೆ ಕಟ್ಟಲು ಇಬ್ಬರೂ ಸೇರಿ 20 ಲಕ್ಷ ರೂಪಾಯಿಯ ಸಾಲವನ್ನು 20 ವರ್ಷಗಳ ಅವಧಿಗೆ, ಬದಲಾಗುವ ಬಡ್ಡಿದರದಲ್ಲಿ ಪಡೆದರು. ತಿಂಗಳ ಕಂತು ಸುಮಾರು 19,300 ರೂಪಾಯಿ. ಭದ್ರತೆಯಾಗಿ ಮೂಲ ಆಧಾರವನ್ನೇ ಬ್ಯಾಂಕಿಗೆ ಒಪ್ಪಿಸಿದರು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 58(ಎಫ್) ಕಲಮಿನ ಪ್ರಕಾರ ಹಾಗೆ ಒಪ್ಪಿಸುವುದೇ ಅಡಮಾನ.

2016ರ ಮಧ್ಯದವರೆಗೆ ಕಂತು ಆತನ ಖಾತೆಯಿಂದ ಹೋಗುತ್ತಿತ್ತು. ಆಮೇಲೆ ಹಣವೂ ನಿಂತಿತು, ಫೋನೂ ನಿಂತಿತು. ಶಿಕ್ಷಕಿ ಒಂದು ಕಂತೂ ತಪ್ಪದ ಹಾಗೆ ತಮ್ಮ ಸಂಬಳದ ಖಾತೆಯಿಂದ ಕಟ್ಟತೊಡಗಿದರು. ಆ ದಿನಗಳಲ್ಲಿ ಅದು ಬರೀ ಹೊರೆಯೆಂದು ಅವರಿಗನಿಸಿತ್ತು. ಮುಂದೆ ಇಡೀ ಪ್ರಕರಣವನ್ನು ಎತ್ತಿ ಹಿಡಿದದ್ದು ಆ ಪಾಸ್‌ಬುಕ್ಕಿನ ನಮೂದುಗಳೇ. ಎರಡು ವರ್ಷ ತುಂಬಿದ ಮೇಲೆ, ತೊರೆದು ಹೋದ ಕಾರಣಕ್ಕೆ ವಿಚ್ಛೇದನದ ಅರ್ಜಿ ಹಾಕಿದರು. ಆತ ಹಾಜರಾಗಲಿಲ್ಲ. 2019ರಲ್ಲಿ ಏಕಪಕ್ಷೀಯ ತೀರ್ಪು ಬಂತು.

ತೀರ್ಪು ಕೈಯಲ್ಲಿದ್ದರೂ

ತೀರ್ಪಿನ ಪ್ರತಿ ಹಿಡಿದು ಬ್ಯಾಂಕಿಗೆ ಹೋದಾಗ ಅಲ್ಲಿನ ಅಧಿಕಾರಿ ಅದನ್ನು ಪೂರ್ತಿ ಓದಿ, "ಟೀಚರೇ, ಇದು ನಿಮ್ಮ ಮದುವೆಯ ಕಾಗದ, ಸಾಲದ್ದಲ್ಲ. ಅವರನ್ನೊಮ್ಮೆ ಕರ್ಕೊಂಡು ಬನ್ನಿ, ಇಬ್ಬರೂ ಸಹಿ ಹಾಕಿದರೆ ನೋಡುವ" ಎಂದರಂತೆ. ಬರಲಾರದವನನ್ನೇ ಕರೆತನ್ನಿ ಎಂದದ್ದು ಶಿಕ್ಷಕಿಗೆ ಬಹಳ ನೋವು ಕೊಟ್ಟಿತು. ಆದರೆ ಕಾನೂನಿನ ದೃಷ್ಟಿಯಲ್ಲಿ ಆ ಮಾತು ಸರಿಯಾಗಿಯೇ ಇತ್ತು, ಮತ್ತು ಇಂಥ ಸ್ಥಿತಿಯಲ್ಲಿರುವವರು ಮೊದಲು ತಿಳಿಯಬೇಕಾದದ್ದು ಅದನ್ನೇ. ಇಬ್ಬರು ಸೇರಿ ಸಾಲ ತೀರಿಸುತ್ತೇವೆಂದು ಮಾತು ಕೊಟ್ಟರೆ, 1872ರ ಕರಾರು ಕಾಯಿದೆಯ 43ನೇ ಕಲಮಿನಂತೆ ಬ್ಯಾಂಕು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. 44ನೇ ಕಲಮಿನಂತೆ ಒಬ್ಬರನ್ನು ಬಿಡುಗಡೆ ಮಾಡಿದರೂ ಇನ್ನೊಬ್ಬರ ಹೊಣೆ ಹೋಗುವುದಿಲ್ಲ. ಅಂದರೆ ಹೆಸರು ಬಿಡಲು ಬ್ಯಾಂಕಿಗೆ ಕಾನೂನಿನ ಅಡ್ಡಿಯಿಲ್ಲ, ಆದರೆ ಬಿಡಲೇಬೇಕೆಂಬ ಕಟ್ಟೂ ಇಲ್ಲ. ಇಬ್ಬರು ಹೊಣೆಗಾರರಿರುವಾಗ ಒಬ್ಬರನ್ನು ಸುಮ್ಮನೆ ಬಿಟ್ಟುಕೊಡಲು ಸಾಲ ಕೊಟ್ಟವರು ಒಪ್ಪುವುದು ಅಪರೂಪ. ವಿಚ್ಛೇದನದ ಮೊಕದ್ದಮೆಯಲ್ಲಿ ಬ್ಯಾಂಕು ಕಕ್ಷಿಯೂ ಆಗಿರಲಿಲ್ಲ.

ಶಿಕ್ಷಕಿ ಒಂದೇ ತೊಡಕೆಂದುಕೊಂಡದ್ದರಲ್ಲಿ ಮೂರು ತೊಡಕುಗಳಿದ್ದವು. ಆಧಾರದಲ್ಲಿರುವ ಹೆಸರು ಒಡೆತನದ್ದು, ಸಾಲಪತ್ರದಲ್ಲಿರುವ ಹೆಸರು ಹೊಣೆಯದ್ದು, ಮೂಲ ದಾಖಲೆಗಳನ್ನು ಬ್ಯಾಂಕಿಗೆ ಒಪ್ಪಿಸಿದವರ ಹೆಸರು ಅಡಮಾನದ್ದು. ಒಂದನ್ನು ತೆಗೆದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ಯಾವುದನ್ನು ಮೊದಲು ತೆಗೆಯಬೇಕು ಎಂಬುದರಲ್ಲಿ ತಪ್ಪಿದರೆ ವರ್ಷಗಟ್ಟಲೆ ಒಂದೇ ಬಾಗಿಲ ಮುಂದೆ ನಿಂತಿರಬೇಕಾಗುತ್ತದೆ.

ಮೊದಲು ಹಿಡಿದ ದಾರಿಗಳು

ತೀರ್ಪಿನ ನಂತರ ಒಮ್ಮೆ ಮಾತ್ರ ಆತನಿಂದ ವಾಟ್ಸಾಪಿನಲ್ಲಿ ಉತ್ತರ ಬಂದಿತ್ತು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ, ಮನೆಯಲ್ಲಿ ತನಗೆ ಯಾವ ಹಕ್ಕೂ ಬೇಡ, ಸಾಲಕ್ಕೂ ತಾನು ಜವಾಬ್ದಾರನಲ್ಲ ಎಂದು ಬರೆದು, ಸಹಿ ಹಾಕಿ, ಅದರ ಫೋಟೋ ಕಳಿಸಿದ್ದ. ಶಿಕ್ಷಕಿ ಅದನ್ನು ಲ್ಯಾಮಿನೇಟ್ ಮಾಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಆದರೆ ನೂರು ರೂಪಾಯಿಯೂ ಅದಕ್ಕಿಂತ ಹೆಚ್ಚೂ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿಯಾಗಲೇಬೇಕೆಂದು 1908ರ ನೋಂದಣಿ ಕಾಯಿದೆಯ 17ನೇ ಕಲಮು ಹೇಳುತ್ತದೆ. ಆ ಹಾಳೆಯಿಂದ ಒಡೆತನ ಒಂದಿಷ್ಟೂ ಕದಲುವಂತಿರಲಿಲ್ಲ.

ಅದೇ ಸಂಪರ್ಕದ ಎಳೆ ಹಿಡಿದು ವಕೀಲರು ಅಧಿಕಾರಪತ್ರದ (ಪವರ್ ಆಫ್ ಅಟಾರ್ನಿಯ) ಕರಡೊಂದನ್ನು ಕಳಿಸಿದರು. ಆತ ದುಬೈಯ ಭಾರತೀಯ ಕಾನ್ಸುಲೇಟಿಗೆ ಹೋಗಿ ಅಲ್ಲಿನ ಅಧಿಕಾರಿಯ ಎದುರು ಸಹಿ ಹಾಕಿದ್ದರೆ ಸಾಕಿತ್ತು. ಆ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಮಾಡಿಸಿ, ಅದರ ಬಲದಿಂದ ಊರಿನಲ್ಲಿರುವ ಯಾರಾದರೂ ಆತನ ಪರವಾಗಿ ಹಕ್ಕುಬಿಡುಗಡೆ ಆಧಾರಕ್ಕೆ ಸಹಿ ಮಾಡಬಹುದಿತ್ತು. ಮಾಜಿ ಸಂಗಾತಿ ದೂರದಲ್ಲಿದ್ದರೂ ಮಾತಿಗೆ ಸಿಗುವವರಾದರೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಉಳಿದದ್ದೆಲ್ಲ ಬಿಟ್ಟು ಇದನ್ನೇ ಮೊದಲು ಮುಗಿಸಿಕೊಳ್ಳಬೇಕು. ಇಲ್ಲಿ ಆತ ಹೋಗಲಿಲ್ಲ. ಆಮೇಲೆ ಆ ನಂಬರೂ ಇಲ್ಲವಾಯಿತು. ಆತನ ತಮ್ಮ, "ಅತ್ತಿಗೇ, ಬೇಕಾದರೆ ನಾನು ಸಹಿ ಹಾಕಿಕೊಡ್ತೇನೆ" ಎಂದದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಅಧಿಕಾರಪತ್ರವಿಲ್ಲದ ಆ ಸಹಿಗೆ ಬೆಲೆಯಿಲ್ಲ.

ಇನ್ನೊಂದು ಸಲಹೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಭಾಗದಲ್ಲಿ ಅದನ್ನು ಬೇರೆ ಕಡೆಯೂ ಕೇಳಿದ್ದೇನೆ. ಕಂತು ಕಟ್ಟುವುದನ್ನು ನಿಲ್ಲಿಸಿ, ಬ್ಯಾಂಕು ಮನೆಯನ್ನು ಹರಾಜಿಗೆ ಹಾಕಲಿ, ಆಗ ನಿಮ್ಮ ಅಣ್ಣನ ಹೆಸರಿನಲ್ಲಿ ಹಿಡಿದರೆ ಗಂಡನ ಹೆಸರು ತಾನಾಗಿ ಹೋಗುತ್ತದೆ ಎಂದು ಜಾಗದ ದಲ್ಲಾಳಿಯೊಬ್ಬರು ಹೇಳಿದ್ದರು. ಕೇಳಲು ಜಾಣತನದಂತಿದ್ದರೂ ಇದು ಮನೆ ಕಳೆದುಕೊಳ್ಳುವ ದಾರಿ. ಕಂತು 90 ದಿನ ಬಾಕಿಯಾದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯಿದೆಯ 13(2) ಕಲಮಿನಡಿ 60 ದಿನಗಳ ನೋಟಿಸು ಬರುತ್ತದೆ, ಅದು ಮುಗಿದರೆ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಹರಾಜಿನಲ್ಲಿ ಯಾರು ಎಷ್ಟಕ್ಕೆ ಕೂಗುತ್ತಾರೆಂದು ಯಾರಿಗೂ ಹೇಳಲಾಗದು. ಊರಿನಲ್ಲೇ ಇರುವ, ತಿಂಗಳ ಸಂಬಳ ಬರುವ ಸಾಲಗಾರ್ತಿ ಅವರೊಬ್ಬರೇ. ಬಾಕಿ ಉಳಿದರೆ ಬ್ಯಾಂಕು ಕೈಹಾಕುವುದು ಅವರ ಸಂಬಳಕ್ಕೇ. ಸಾಲ ತೀರಿಸುವ ನಡತೆಯನ್ನು ಅಳೆಯುವ ಅವರ ಸಿಬಿಲ್ ಅಂಕ ಕುಸಿದಿದ್ದರೆ ಕೊನೆಗೆ ಅವರನ್ನು ಪಾರುಮಾಡಿದ ಹೊಸ ಸಾಲವೂ ಸಿಗುತ್ತಿರಲಿಲ್ಲ. ಶಿಕ್ಷಕಿ ಆ ಮಾತಿಗೆ ಕಿವಿಗೊಡದೆ ಕಂತು ಕಟ್ಟುತ್ತಲೇ ಇದ್ದರು.

ಅಣ್ಣ ಹೇಳಿದ್ದು ಬೇರೆಯೇ: ಸಾಲ ಮಾಡಿಯಾದರೂ ಪೂರ್ತಿ ಕಟ್ಟಿಬಿಡುವ. ಹಾಗೆ ಕಟ್ಟಿದ್ದರೆ ಹೊಣೆ ಮುಗಿಯುತ್ತಿತ್ತು, ಆದರೆ ಆಧಾರದಲ್ಲಿ ಅರ್ಧ ಪಾಲು ಆತನದೇ ಆಗಿ ಉಳಿಯುತ್ತಿತ್ತು. ಆತನ ಪಾಲಿನ ಸಾಲವನ್ನು ತೀರಿಸಿದವರಿಗೆ ಆಸ್ತಿ ವರ್ಗಾವಣೆ ಕಾಯಿದೆಯ 92ನೇ ಕಲಮು ಬ್ಯಾಂಕಿನ ಸ್ಥಾನದಲ್ಲಿ ನಿಂತು ಆ ಹಣವನ್ನು ಕೇಳುವ ಹಕ್ಕು ಕೊಡುತ್ತದೆ. ಕೇಳಲು ಆತನೇ ಸಿಗದಿದ್ದರೆ ಮತ್ತೆ ನ್ಯಾಯಾಲಯಕ್ಕೇ ಹೋಗಬೇಕು. ಹೇಗೂ ಹೋಗಬೇಕಾದರೆ ಒಡೆತನದ ಪ್ರಶ್ನೆಯನ್ನೇ ಮೊದಲು ತೀರ್ಮಾನಿಸಿಕೊಳ್ಳುವುದು ಲೇಸು ಎಂಬಲ್ಲಿಗೆ ಎಲ್ಲರೂ ಬಂದೆವು.

ಇಡೀ ಮನೆಯೋ, ಅರ್ಧ ಮನೆಯೋ

ಈ ಪ್ರಕರಣ ತಿರುಗಿದ್ದು ಇಲ್ಲಿ. ಅರ್ಜಿಯಲ್ಲಿ ಏನನ್ನು ಕೇಳಬೇಕು ಎಂಬುದರ ಮೇಲೆ ಮನೆಯವರಲ್ಲಿ ಎರಡು ಅಭಿಪ್ರಾಯಗಳಿದ್ದವು. ಬಿಟ್ಟು ಹೋದವನಿಗೆ ಏನು ಕೊಡುವುದು, ಹಕ್ಕು ಬೇಡವೆಂದು ಅವನೇ ಬರೆದು ಕಳಿಸಿದ್ದಾನಲ್ಲ, ಇಡೀ ಮನೆ ತನ್ನದೆಂದು ಘೋಷಿಸಬೇಕೆಂದು ಕೇಳಲಿ ಎಂದು ಹಿರಿಯರು ಹೇಳಿದರು. ಎದುರು ಕಕ್ಷಿ ಬರುವುದಿಲ್ಲವೆಂಬುದು ಎಲ್ಲರಿಗೂ ಖಾತ್ರಿಯಿತ್ತು. ಆ ಸಿಟ್ಟು ನನಗೂ ಅರ್ಥವಾಗುತ್ತಿತ್ತು.

ವಕೀಲರು ಒಪ್ಪಲಿಲ್ಲ. ಅವರು ತೋರಿಸಿದ ಕಾರಣ ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಬೆಲೆಬಾಳುವ ಪಾಠ. ಏಕಪಕ್ಷೀಯ ತೀರ್ಪನ್ನು ರದ್ದುಪಡಿಸಬೇಕೆಂದು ಕೇಳಲು ತೀರ್ಪಿನ ದಿನದಿಂದ 30 ದಿನಗಳ ಕಾಲಾವಧಿಯಿದೆ. ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ ಆ 30 ದಿನ ತೀರ್ಪಿನ ವಿಷಯ ಆತನಿಗೆ ತಿಳಿದಂದಿನಿಂದ ಶುರುವಾಗುತ್ತದೆ. ವಿಳಾಸ ಸಿಗದವರಿಗೆ ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ ಮಾಡುವ ಬದಲಿ ಜಾರಿಯಿಂದ ಮೊಕದ್ದಮೆ ಮುಂದುವರಿಯುತ್ತದೆ, ನಿಜ. ಆದರೆ ಈ ಕಾಲಾವಧಿಯ ಲೆಕ್ಕಕ್ಕೆ ಅದನ್ನು ಸರಿಯಾದ ಜಾರಿಯೆಂದು ಎಣಿಸಬಾರದು ಎಂದು 1963ರ ಕಾಲಮಿತಿ ಕಾಯಿದೆಯ 123ನೇ ವಿಧಿಯ ವಿವರಣೆ ಹೇಳುತ್ತದೆ. ಎಂದರೆ ಆತ ಎಷ್ಟೋ ವರ್ಷಗಳ ನಂತರ ಊರಿಗೆ ಬಂದು, ಈಗಷ್ಟೇ ತಿಳಿಯಿತು ಎಂದು ಅರ್ಜಿ ಹಾಕಬಹುದು. ಅಂದು ನ್ಯಾಯಾಧೀಶರ ಮುಂದಿರುವ ತೀರ್ಪು, ಇಲ್ಲದವನ ಪಾಲನ್ನು ಪೂರ್ತಿ ನುಂಗಿದ ತೀರ್ಪಾಗಿದ್ದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಆತನ ಪಾಲಿಗೆ ಬೆಲೆ ಕಟ್ಟಿಸಿ, ಹಣವನ್ನು ನ್ಯಾಯಾಲಯದಲ್ಲಿಯೇ ಇರಿಸಿದ ತೀರ್ಪಾದರೆ ಆತ ಮರಳಿ ಬಂದರೂ ಜಗಳ ಲೆಕ್ಕದ ಮೇಲೆ ನಡೆದೀತೇ ಹೊರತು ಮನೆಯ ಮೇಲೆ ನಡೆಯುವ ಸಂಭವ ಕಡಿಮೆ.

ಶಿಕ್ಷಕಿ ಎರಡನೆಯದನ್ನು ಆಯ್ದುಕೊಂಡರು. ಅಷ್ಟೇ ಅಲ್ಲ, 2016ರ ಮೊದಲು ಆತ ಕಟ್ಟಿದ ಕಂತುಗಳನ್ನೂ ಲೆಕ್ಕದಲ್ಲಿ ತೋರಿಸಿ ಎಂದು ತಾವಾಗಿಯೇ ಹೇಳಿದರು. ಮನೆಯವರು ಇದನ್ನು ಒಪ್ಪಲು ಕೆಲಕಾಲ ಬೇಕಾಯಿತು. ಶಿಕ್ಷಕಿಗೆ ಮಹಿಳೆ ಎಂಬ ನೆಲೆಯಲ್ಲಿ, ವರಮಾನದ ಮಿತಿಯಿಲ್ಲದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಡಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿತ್ತು. ಸಂಬಳ ಬರುವ ಹೆಂಗಸಿಗೆ ಅದು ಸಿಗುವುದಿಲ್ಲವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ.

ನ್ಯಾಯಾಲಯದಲ್ಲಿ

2020ರಲ್ಲಿ ಕುಟುಂಬ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಯಿತು. ವಿಚ್ಛೇದನವಾದ ಮೇಲೂ ದಂಪತಿಯಾಗಿದ್ದವರ ಆಸ್ತಿ ವಿವಾದವನ್ನು ಆ ನ್ಯಾಯಾಲಯ ಕೇಳಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲಿಯೇ ಹೇಳಿದೆ. ಅರ್ಜಿಯಲ್ಲಿ ಬ್ಯಾಂಕನ್ನೂ ಎದುರು ಕಕ್ಷಿಯಾಗಿ ಸೇರಿಸಿ ಮೂರು ಸಂಗತಿಗಳನ್ನು ಕೇಳಲಾಗಿತ್ತು: ಪಾಲುಗಳನ್ನು ನಿರ್ಧರಿಸಬೇಕು, ಕತ್ತರಿಸಿ ಹಂಚಲಾಗದ ಮನೆಯಾದ ಕಾರಣ ಆತನ ಪಾಲನ್ನು ಬೆಲೆಗೆ ತಮಗೇ ಕೊಡಬೇಕು, ಸಾಲ ತೀರಿದಂದು ಬ್ಯಾಂಕು ಮೂಲ ದಾಖಲೆಗಳನ್ನು ತಮ್ಮೊಬ್ಬರಿಗೇ ಹಿಂತಿರುಗಿಸಬೇಕು. ಮೂರನೆಯದು ಒಂದೇ ಸಾಲಿನ ಬೇಡಿಕೆ. ಅದಿಲ್ಲದಿದ್ದರೆ ಏನಾಗುತ್ತಿತ್ತೆಂಬುದು ಕೊನೆಗೆ ಗೊತ್ತಾಯಿತು.

ಶಾರ್ಜಾದ ವಿಳಾಸಕ್ಕೆ ಹೋದ ರಿಜಿಸ್ಟರ್ಡ್ ಅಂಚೆ ಮರಳಿ ಬಂತು. ಆಗ ನ್ಯಾಯಾಲಯ ಆತನ ಹುಟ್ಟಿದ ಮನೆಗೆ ನೋಟಿಸು ಅಂಟಿಸಲು ಅನುಮತಿ ಕೊಟ್ಟಿತು. ಜಾಗ ತೋರಿಸಲು ನೋಟಿಸು ಜಾರಿ ಮಾಡುವ ನ್ಯಾಯಾಲಯದ ಸಿಬ್ಬಂದಿಯಾದ ಅಮೀನರ ಜೊತೆ ಶಿಕ್ಷಕಿಯೇ ಹೋಗಬೇಕಾಯಿತು. ಅಮೀನರು ಜಗಲಿಯ ಕಂಬಕ್ಕೆ ಕಾಗದ ಅಂಟಿಸುತ್ತಿದ್ದಾಗ, ಆತನ ತಾಯಿ ಒಳಗಿನಿಂದ ಬೆಲ್ಲ-ನೀರು ತಂದು ಸೊಸೆಯಾಗಿದ್ದವಳ ಮುಂದಿಟ್ಟು, "ನೀನು ಮಾಡುದು ಸರಿಯೇ ಮಗಳೇ, ನನ್ನ ಹತ್ರ ಅವ ಮಾತಾಡದೆ ಎಷ್ಟು ಸಮಯ ಆಯಿತು" ಎಂದರಂತೆ. ಅಮೀನರ ವರದಿಗೆ ನೆರೆಯವರೊಬ್ಬರು ಸಾಕ್ಷಿ ಹಾಕಿದರು. ಪತ್ರಿಕಾ ಪ್ರಕಟಣೆಯನ್ನು ಕನ್ನಡ ಪತ್ರಿಕೆಯಲ್ಲಿಯೂ ಮಲಯಾಳ ಪತ್ರಿಕೆಯಲ್ಲಿಯೂ ಕೊಡಿಸಲಾಯಿತು. ಆ ಮನೆಯಲ್ಲಿ ಓದುವುದು ಕನ್ನಡವಾದ್ದರಿಂದ ಮಲಯಾಳ ಪತ್ರಿಕೆಯೊಂದೇ ಸಾಲದು ಎಂದು ವಕೀಲರು ಒತ್ತಾಯಿಸಿದ್ದು ಸರಿಯಾದ ಎಚ್ಚರ.

ಪಾಲಿನ ವಿಷಯದಲ್ಲಿ ಆಸ್ತಿ ವರ್ಗಾವಣೆ ಕಾಯಿದೆಯ 45ನೇ ಕಲಮು ದಾರಿ ತೋರಿತು. ಇಬ್ಬರು ಸೇರಿ ಕೊಂಡ ಆಸ್ತಿಯಲ್ಲಿ ಅವರವರು ಹಾಕಿದ ಹಣದ ಪ್ರಮಾಣದಲ್ಲಿ ಪಾಲು. ಅದಕ್ಕೆ ಪುರಾವೆಯಿಲ್ಲದಿದ್ದರೆ ಸಮಪಾಲು. ಜಾಗದ ಹಣಕ್ಕೆ ಪುರಾವೆಯಿರಲಿಲ್ಲ, ಹಾಗಾಗಿ ಅರ್ಧರ್ಧ. ಕಂತುಗಳಿಗೆ ಪುರಾವೆಯಿತ್ತು. ನ್ಯಾಯಾಲಯ ನೇಮಿಸಿದ ಕಮಿಷನರ್ 2021ರಲ್ಲಿ ಮನೆ ಮತ್ತು ಜಾಗಕ್ಕೆ 44 ಲಕ್ಷ ಬೆಲೆ ಕಟ್ಟಿದರು. ಬಾಕಿಯಿದ್ದ ಸಾಲ 16 ಲಕ್ಷ ಕಳೆದರೆ 28 ಲಕ್ಷ, ಅದರರ್ಧ 14 ಲಕ್ಷ. ಅಲ್ಲಿಯವರೆಗೆ ಶಿಕ್ಷಕಿ ಕಟ್ಟಿದ ಕಂತು 11.6 ಲಕ್ಷ, ಆತ ಕಟ್ಟಿದ್ದು 8.1 ಲಕ್ಷ, ವ್ಯತ್ಯಾಸ 3.5 ಲಕ್ಷದ ಅರ್ಧ, ಅಂದರೆ 1.75 ಲಕ್ಷ, ಆತನ ಪಾಲಿನಿಂದ ಕಳೆಯಿತು. ಉಳಿದ 12.25 ಲಕ್ಷವನ್ನು ಶಿಕ್ಷಕಿ ನ್ಯಾಯಾಲಯದಲ್ಲಿ ಠೇವಣಿ ಇಡಬೇಕು, ಅಲ್ಲಿಂದ ಮುಂದಿನ ಸಾಲವೆಲ್ಲ ಅವರದೇ ಎಂದು 2022ರಲ್ಲಿ ತೀರ್ಪಾಯಿತು. ಪಿ.ಎಫ್. ಹಣ, ಒಡವೆಯ ಮೇಲಿನ ಸಾಲ, ಅಣ್ಣ ಕೊಟ್ಟ ಅಡಿಕೆಯ ಹಣ ಎಲ್ಲವನ್ನೂ ಕೂಡಿಸಿ ಅವರು ಅದನ್ನು ಕಟ್ಟಿದರು.

ತೀರ್ಪು ಬಂದ ಮಾತ್ರಕ್ಕೆ ಆಧಾರ ಬದಲಾಗುವುದಿಲ್ಲ. ಸಹಿ ಹಾಕಬೇಕಾದವನು ಹಾಕದಿದ್ದರೆ ಆತನ ಪರವಾಗಿ ನ್ಯಾಯಾಲಯವೇ ಸಹಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 34ನೇ ನಿಯಮದಲ್ಲಿ ಅವಕಾಶವಿದೆ. ಅಮಲ್ಜಾರಿ ಅರ್ಜಿಯ ಜೊತೆ ಹಕ್ಕುಬಿಡುಗಡೆ ಆಧಾರದ ಕರಡು ಹಾಕಿ, ಆಕ್ಷೇಪಣೆಗೆ ಮತ್ತೆ ನೋಟಿಸು ಹೊರಡಿಸಿ, ಯಾರೂ ಬಾರದಿದ್ದಾಗ ಆತನ ಹೆಸರಿನ ಜಾಗದಲ್ಲಿ ನ್ಯಾಯಾಲಯದ ಸಹಿ ಬಿದ್ದು 2023ರಲ್ಲಿ ಆಧಾರ ನೋಂದಣಿಯಾಯಿತು. ಇಲ್ಲಿ ಖರ್ಚಿನ ಒಂದು ಪೆಟ್ಟು ಕಾದಿತ್ತು. ಗಂಡ ಹೆಂಡತಿಯ ನಡುವಿನ ಹಕ್ಕುಬಿಡುಗಡೆಗೆ ಕೇರಳದಲ್ಲಿ ಮುದ್ರಾಶುಲ್ಕದ ದೊಡ್ಡ ರಿಯಾಯಿತಿಯಿದೆ. ವಿಚ್ಛೇದನವಾದವರು ಕುಟುಂಬದ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಕ್ರಯದ ದರವನ್ನೇ, ಅಂದರೆ 8 ಶೇಕಡ ಮುದ್ರಾಶುಲ್ಕ ಮತ್ತು 2 ಶೇಕಡ ನೋಂದಣಿ ಶುಲ್ಕವನ್ನು ಕಟ್ಟಿಸಿಕೊಂಡರು. ಇಬ್ಬರೂ ಒಪ್ಪಿ ಬೇರ್ಪಡುವವರು ಹಕ್ಕುಬಿಡುಗಡೆ ಆಧಾರವನ್ನು ವಿಚ್ಛೇದನದ ಮೊದಲೇ ನೋಂದಣಿ ಮಾಡಿಸಿಕೊಂಡರೆ ಲಕ್ಷಗಟ್ಟಲೆ ಹಣ ಉಳಿಯುತ್ತದೆ.

ಸಾಲದಿಂದ ಹೆಸರು ಹೋದ ಬಗೆ

ಗ್ರಾಮ ಕಚೇರಿಯಲ್ಲಿ ಪೋಕ್ಕುವರವು (ಖಾತೆ ಬದಲಾವಣೆ) ಮಾಡಿಸಿ ತೀರುವೆ (ಭೂಕಂದಾಯ) ರಶೀದಿಯಲ್ಲಿ ಶಿಕ್ಷಕಿಯೊಬ್ಬರ ಹೆಸರು ಬಂತು. ಅವರ ಹೆಸರು ಆಧಾರದಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಮಲಯಾಳದ ದಾಖಲೆಗಳಲ್ಲಿ ಮತ್ತೊಂದು ರೀತಿ ಇದ್ದುದರಿಂದ, ಎಲ್ಲವೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಗ್ರಾಮಾಧಿಕಾರಿಯಿಂದ ಪಡೆಯಬೇಕಾಯಿತು. ಗಡಿನಾಡಿನಲ್ಲಿ ಆಸ್ತಿ ಇರುವವರು ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಹಳೆಯ ಬ್ಯಾಂಕು ಸಾಲವನ್ನು ಅವರೊಬ್ಬರ ಹೆಸರಿಗೆ ಬದಲಿಸಲು ಒಪ್ಪಲಿಲ್ಲ. ಬಿಡುಗಡೆಯ ನಮೂನೆಯಲ್ಲಿ ಸಹಸಾಲಗಾರನ ಸಹಿಯ ಜಾಗ ಖಾಲಿಯಿದೆ ಎಂಬುದೇ ಅವರ ಉತ್ತರ. ಒಡೆತನ ಸ್ಪಷ್ಟವಾದ ಮೇಲೆ ಹೆಸರು ತೆಗೆಯಿರೆಂದು ಬೇಡುವ ಅಗತ್ಯವೇ ಉಳಿದಿಲ್ಲ, ಆ ಸಾಲವನ್ನೇ ಮುಗಿಸಿಬಿಡಿ ಎಂದು ನಾನು ಹೇಳಿದೆ. ಸಾಲ ತೀರಿದರೆ ಅದರೊಳಗಿನ ಎರಡೂ ಹೆಸರು ಒಟ್ಟಿಗೇ ಹೋಗುತ್ತವೆ. ಬದಲಾಗುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕು ದಂಡ ವಸೂಲು ಮಾಡುವಂತಿಲ್ಲ. ಇನ್ನೊಂದು ಬ್ಯಾಂಕು ಶಿಕ್ಷಕಿಯ ಸಂಬಳ, ತಪ್ಪದೆ ಕಟ್ಟಿದ ಕಂತುಗಳ ದಾಖಲೆ, ಹೊಸ ಆಧಾರ ಇವನ್ನು ನೋಡಿ ಬಾಕಿ ಮೊತ್ತವನ್ನು ವಹಿಸಿಕೊಳ್ಳಲು ಮುಂದೆ ಬಂತು. ಆ ಬ್ಯಾಂಕಿನ ಕಾನೂನು ಸಲಹೆಗಾರರು ಕೇಳಿದ ಮೊದಲ ಪ್ರಶ್ನೆ, ಆತ ಮರಳಿ ಬಂದರೆ ಏನು ಎಂಬುದು. ಠೇವಣಿಯ ರಶೀದಿಯನ್ನೂ ಕಂತುಗಳ ಲೆಕ್ಕವನ್ನೂ ನೋಡಿದ ಮೇಲೆ ಅವರು ಒಪ್ಪಿಗೆ ಬರೆದರು. ಇಡೀ ಮನೆ ತನ್ನದೆಂದು ತೀರ್ಪು ತಂದಿದ್ದರೆ ಆ ಒಪ್ಪಿಗೆ ಸಿಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

2024ರ ಆರಂಭದಲ್ಲಿ ಹೊಸ ಬ್ಯಾಂಕು ಹಳೆಯದಕ್ಕೆ ಸುಮಾರು 13.8 ಲಕ್ಷ ಕಟ್ಟಿ ಸಾಲ ಮುಗಿಸಿತು. ಆಗ ಹಳೆಯ ಬ್ಯಾಂಕು, ದಾಖಲೆಗಳನ್ನು ಒಪ್ಪಿಸಿದ ಇಬ್ಬರೂ ಬಂದರೆ ಮಾತ್ರ ಹಿಂತಿರುಗಿಸುತ್ತೇವೆ ಎಂದಿತು. ತೀರ್ಪಿನಲ್ಲಿದ್ದ ಆ ಒಂದು ಸಾಲು ಕೆಲಸಕ್ಕೆ ಬಂದದ್ದು ಇಲ್ಲಿ. ಅದರ ಜೊತೆಗೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಕೊಡಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿತ್ತು. ತೀರ್ಪಿನ ಪ್ರತಿಯನ್ನೂ ಈ ನಿಯಮವನ್ನೂ ಉಲ್ಲೇಖಿಸಿ ಲಿಖಿತ ಮನವಿ ಕೊಟ್ಟ ಮೇಲೆ, ಗಡುವಿನೊಳಗೇ ಕಾಗದಗಳು ಹೊರಬಂದವು.

ಆಮೇಲೆ ಉಳಿದದ್ದು ಸಣ್ಣ ಕೆಲಸಗಳು, ಆದರೆ ಬಿಡುವಂಥವಲ್ಲ. ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲಿ ಹಳೆಯ ಬ್ಯಾಂಕಿನ ನಮೂದು ತೀರಿದೆಯೆಂದು ಬರೆಸಿಕೊಂಡರು. ಸಿಬಿಲ್ ವರದಿಯಲ್ಲಿ ಹಳೆಯ ಸಾಲ ಮುಕ್ತಾಯವೆಂದು ತೋರುವುದನ್ನು ನೋಡಿಕೊಂಡರು. ಆಸ್ತಿಯ ಮೇಲಿನ ಹೊರೆಗಳನ್ನು ತೋರಿಸುವ ಋಣಬಾಧ್ಯತಾ ಪ್ರಮಾಣಪತ್ರವನ್ನು ಹೊಸದಾಗಿ ತೆಗೆಸಿದರು. ಸಹಕಾರಿ ಬ್ಯಾಂಕಿನಲ್ಲಿ ಸಾಲವಿದ್ದವರಾದರೆ ಗಹಾನ್ (ಸಾಲಕ್ಕೆ ಆಸ್ತಿಯನ್ನು ಭದ್ರತೆಯಾಗಿಡುವ ಘೋಷಣೆ) ಬಿಡುಗಡೆಯೂ ಆ ಪ್ರಮಾಣಪತ್ರದಲ್ಲಿ ಬಂದಿದೆಯೇ ಎಂದು ನೋಡಬೇಕು. ಆತನ 12.25 ಲಕ್ಷ ನ್ಯಾಯಾಲಯದ ಆದೇಶದಂತೆ ಬಡ್ಡಿಯ ಠೇವಣಿಯಲ್ಲಿದೆ, ಇದನ್ನು ಬರೆಯುವವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ. ತಾಯಿಯ ಚಿಕಿತ್ಸೆಗೆ ಅದರಿಂದ ಸ್ವಲ್ಪ ಸಿಗಬಹುದೇ ಎಂದು ಆತನ ತಮ್ಮ ವಿಚಾರಿಸಿದ್ದರು; ಆತನಾಗಲಿ, ಆತ ಅಧಿಕಾರ ಕೊಟ್ಟವರಾಗಲಿ, ಆತನ ಕಾಲಾನಂತರ ಕಾನೂನುಬದ್ಧ ವಾರಸುದಾರರಾಗಲಿ ಅರ್ಜಿ ಹಾಕಿದರೆ ಮಾತ್ರ ಅದು ಸಾಧ್ಯವೆಂದು ವಕೀಲರು ತಿಳಿಸಿದ್ದಾರೆ.